1975ರ ಮೈಸೂರು ಹೈಕೋರ್ಟ್

ಲಾ ಕಾಲೇಜಿನಲ್ಲಿ ನಮಗೆ ಕಾಂಟ್ರಾಕ್ಟ್, ಅಂದರೆ ಒಪ್ಪಂದದ ಕಾನೂನು, ಕಲಿಸಿದ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಕೋರ್ಟಿನಲ್ಲಿದ್ದೆ. ಕೇಸು ಕೂಗುವವರೆಗೆ ಹೊರಗಿನ ಬೆಂಚಿನ ಮೇಲೆ ಸುಮ್ನೆ ಕೂತುಬಿಟ್ಟೆ. ಅದಾದ ಮೂರನೇ ದಿನ ಕಾಲೇಜಿನಿಂದ ಫೋನ್. "ಹೊಸದಾಗಿ ಲಾ ಸೇರಿದವರಿಗೆ ಉಪಯೋಗ ಆಗುವಂಥದ್ದು ಬರೀರಿ ಸಾರ್" ಅಂದರು. ನನಗೆ ಗೊತ್ತಿರುವ ಉಪಯೋಗದ ಮಾತೆಲ್ಲ ಮೇಷ್ಟ್ರದ್ದೇ.

ನಾನು ಸೇರಿದ್ದು 1993ರಲ್ಲಿ. ಕನ್ನಡ ಮೀಡಿಯಂ, ಬಿ.ಎ. ಮುಗಿಸಿ ಬಂದವನು. ಬೇರ್ ಆಕ್ಟ್, ಅಂದರೆ ವಿವರಣೆಯಿಲ್ಲದ ಬರೀ ಕಾಯ್ದೆಯ ಪುಸ್ತಕ, ತೆರೆದರೆ ಇಡೀ ಸೆಕ್ಷನ್ ಒಂದೇ ವಾಕ್ಯ, ಅದು ಮುಗಿಯುವ ಹೊತ್ತಿಗೆ ಶುರು ಎಲ್ಲಾಯ್ತು ಅನ್ನೋದೇ ಮರೆತುಹೋಗುತ್ತಿತ್ತು. ಭಯ ಬಿಡಿಸಿದ್ದು ಮೇಷ್ಟ್ರು ಹೇಳಿದ ಲಾಲ್‌ಮನ್ ಶುಕ್ಲಾ ಕಥೆ. ಯಜಮಾನರ ಮನೆಯ ಹುಡುಗ ಓಡಿಹೋದ. ಹುಡುಕೋಕೆ ಲೆಕ್ಕ ಬರೆಯುವ ಮುನೀಮ ಶುಕ್ಲಾನನ್ನು ಹರಿದ್ವಾರಕ್ಕೆ ಕಳಿಸಿದರು. ಅವನು ಹೋದ ಮೇಲೆ ಇಲ್ಲಿ 501 ರೂಪಾಯಿ ಬಹುಮಾನ ಅಂತ ಕರಪತ್ರ ಹಂಚಿದರು. "ಹುಡುಗ ಸಿಕ್ಕ. ಮುನೀಮನಿಗೆ ದುಡ್ಡು ಸಿಗ್ಲಿಲ್ಲ. ಯಾಕೆ?" ಅಂತ ಕೇಳಿ ಮೇಷ್ಟ್ರು ಕಿಟಕಿ ಕಡೆ ತಿರುಗಿ ನಿಂತರು. ಐದು ನಿಮಿಷ ಆದರೂ ಉತ್ತರ ಹೇಳಲಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬಳು, "ಬಹುಮಾನದ ವಿಷಯ ಅವನಿಗೆ ಗೊತ್ತೇ ಇರ್ಲಿಲ್ಲ ಸಾರ್, ಗೊತ್ತಿಲ್ಲದ್ದಕ್ಕೆ ಹೇಗೆ ಒಪ್ಪಿಕೊಳ್ಳೋದು?" ಅಂದಳು. ಅಲಹಾಬಾದ್ ಹೈಕೋರ್ಟ್ 1913ರಲ್ಲಿ ಹೇಳಿದ್ದೂ ಅದನ್ನೇ.

ಇನ್ನು ನಮ್ಮ ತಂಟೆ. ನವೆಂಬರ್ ಕೊನೆಯ ಸೋಮವಾರ ಕ್ಲಾಸಿನಲ್ಲಿ ಮೂಟ್ ಕೋರ್ಟ್, ಅಂದರೆ ವಾದ ಕಲಿಯುವ ಅಣಕು ಕೋರ್ಟ್, ಇತ್ತು. ಮೈನರ್ ಹುಡುಗ ಸಾಲಪತ್ರಕ್ಕೆ ಸಹಿ ಹಾಕಿದ್ದಾನೆ, ನಾನು ಸಾಲ ಕೊಟ್ಟವನ ವಕೀಲ. ಶನಿವಾರ ಲೈಬ್ರರಿಗೆ ಹೋಗಬೇಕಿದ್ದ ನಾವು ಮೂವರು ಹೀರೋ ಕಪ್ ಫೈನಲ್ ನೋಡುತ್ತಾ ಕೂತೆವು. ನಮ್ಮ ಕುಂಬ್ಳೆ 12 ರನ್ನಿಗೆ 6 ವಿಕೆಟ್ ಕಿತ್ತ ರಾತ್ರಿ ಅದು, ಯಾರು ತಾನೇ ಓದುತ್ತಾರೆ! ಭಾನುವಾರ ರೂಮಿನಲ್ಲೇ ಕೂತು ಒಂದು ತೀರ್ಪು ಹುಟ್ಟಿಸಿದೆವು. ಎ.ಐ.ಆರ್. ಅಂದರೆ ಕೋರ್ಟುಗಳ ತೀರ್ಪು ಅಚ್ಚು ಹಾಕುವ ಆಲ್ ಇಂಡಿಯಾ ರಿಪೋರ್ಟರ್ ಸಂಪುಟಗಳು; ನಮ್ಮದು ಎ.ಐ.ಆರ್. 1975 ಮೈಸೂರು, ಪುಟ 212.

ಮೇಷ್ಟ್ರೇ ಜಡ್ಜ್. ನಾನು ಧೈರ್ಯವಾಗಿ ಹೇಳಿದೆ. ಅವರು ಬರೆದುಕೊಂಡರು. "ಇನ್ನೊಂದ್ಸಲ ಹೇಳಿ, ಕೌನ್ಸೆಲ್." ಹೇಳಿದೆ. ಪೆನ್ನಿನ ಮುಚ್ಚಳ ಹಾಕಿ, "1973ರ ನವೆಂಬರ್ 1ಕ್ಕೇ ಮೈಸೂರು ರಾಜ್ಯ ಕರ್ನಾಟಕ ಆಯ್ತಲ್ಲಪ್ಪ. 1975ರಲ್ಲಿ ಮೈಸೂರು ಹೈಕೋರ್ಟ್ ಎಲ್ಲಿತ್ತು?" ಅಂದರು. ಬೈಯಲಿಲ್ಲ. ಮೂವತ್ತು ದಿನ, ದಿನಕ್ಕೊಂದು ತೀರ್ಪು ಪೂರ್ತಿ ಓದಿ ಒಂದು ಪುಟ ಬರೆದು ತೋರಿಸಬೇಕು ಅಂದರು. ಏನಾಯ್ತು, ಕೋರ್ಟಿನ ಮುಂದಿದ್ದ ಪ್ರಶ್ನೆ ಏನು, ಕೋರ್ಟ್ ಏನು ಹೇಳಿತು, ಯಾಕೆ ಹೇಳಿತು. ತೀರ್ಪಿನ ಮೇಲೆ ಅಚ್ಚಾಗಿರುವ ಸಾರಾಂಶ, ಅಂದರೆ ಹೆಡ್‌ನೋಟ್, ನೋಡಿ ಬರೆದರೆ ಆ ದಿನ ಲೆಕ್ಕಕ್ಕಿಲ್ಲ.

ಮೊದಲ ಪುಟಕ್ಕೆ ನಾಲ್ಕು ಗಂಟೆ ಹಿಡಿಯಿತು, ಕೊನೆಯದಕ್ಕೆ ಮುಕ್ಕಾಲು ಗಂಟೆ. ಕೊನೆಗೆ ಕೊಟ್ಟಿದ್ದು 1903ರ ಮೊಹೋರಿ ಬೀಬಿ ತೀರ್ಪು. ಗೈಡಿನಲ್ಲಿ ಅದು ಒಂದೇ ಸಾಲು, ಮೈನರ್ ಮಾಡಿಕೊಂಡ ಒಪ್ಪಂದ ಶೂನ್ಯ. ತೀರ್ಪನ್ನೇ ಓದಿದರೆ, ಆ ಹುಡುಗನ ತಾಯಿ ಮೊದಲೇ ವಕೀಲರಿಂದ ಪತ್ರ ಬರೆಸಿ ಮಗನಿಗೆ ಇನ್ನೂ ವಯಸ್ಸಾಗಿಲ್ಲ ಅಂತ ಸಾಲ ಕೊಡುವವನ ಏಜೆಂಟಿಗೆ ತಿಳಿಸಿದ್ದಳು. ಕಾನೂನಿನೊಳಗೆ ಮನುಷ್ಯರಿದ್ದಾರೆ ಅಂತ ನನಗೆ ಹೊಳೆದದ್ದು ಆವತ್ತು.

ಈಗ ನನ್ನ ಆಫೀಸಿಗೆ ಬರುವ ಜೂನಿಯರ್‌ಗಳು ನನಗಿಂತ ಚುರುಕು, ಆದರೆ ಪೂರ್ತಿ ತೀರ್ಪು ಓದಿದವರು ಕಡಿಮೆ. ಪರೀಕ್ಷೆಯ ಹಿಂದಿನ ರಾತ್ರಿ ಮೊಬೈಲಿಗೆ ಪಿಡಿಎಫ್ ಬರುತ್ತೆ, ಮುಗೀತು. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ ಕೇಸುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ತೆತ್ತರು. ಅದನ್ನು ಓದಿದಾಗ ನನಗೆ ಮೈ ನಡುಗಿತು. 2024ರ ಜುಲೈ 1ರಿಂದ ಐಪಿಸಿಯೂ ಹೋಯ್ತು, ಅದರ 511 ಸೆಕ್ಷನ್‌ಗಳ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 358 ಬಂದವು. ನಂಬರ್ ಉರು ಹೊಡೆದವರು ಒದ್ದಾಡಿದರು. ನನಗೆ ಅಷ್ಟು ಕಷ್ಟ ಆಗಲಿಲ್ಲ. ಆ ಮೂಟ್ ಕೋರ್ಟ್ ಆದಮೇಲೆ ನಾನು ಕೊಟ್ಟ ಸೈಟೇಶನ್ (ತೀರ್ಪಿನ ಉಲ್ಲೇಖ) ಇವತ್ತಿನವರೆಗೆ ಒಂದೂ ತಪ್ಪಾಗಿಲ್ಲ, ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಮೇಷ್ಟ್ರ ನೆನಪಿಗೆ ನಮ್ಮ ಬ್ಯಾಚಿನವರು ಲೈಬ್ರರಿಯ ಹಳೇ ಎ.ಐ.ಆರ್. ಸಂಪುಟಗಳಿಗೆ ಹೊಸ ಬೈಂಡ್ ಹಾಕಿಸುತ್ತಿದ್ದೇವೆ. 1973ರ ಮೈಸೂರು, ಅದರ ಪಕ್ಕದಲ್ಲೇ 1974ರ ಕರ್ನಾಟಕ. ಹೊಸ ಹುಡುಗರು, ಹುಡುಗಿಯರು ಒಮ್ಮೆ ಹೋಗಿ ಅವನ್ನು ಕೈಗೆತ್ತಿಕೊಳ್ಳಿ. ಯಾವುದಾದರೂ ಒಂದು ತೀರ್ಪು ಪೂರ್ತಿ ಓದಿ, ಒಂದು ಪುಟ ಬರೆದುಕೊಂಡು ನನ್ನ ಆಫೀಸಿಗೆ ಬನ್ನಿ. ಸಂಜೆ ಆರರ ಮೇಲೆ ಅಲ್ಲೇ ಇರುತ್ತೇನೆ.