ಅಂಕಲ್ ಕೈಯ ಮೀನುಂಡೆ

ಶನಿವಾರ ಬೆಳಗ್ಗೆ ಏಳೂವರೆಗೆ ಮನೆ ಬಿಡುತ್ತೇನೆ. ಹೆಂಡತಿ, ಮಕ್ಕಳು ಇನ್ನೂ ಮಲಗಿರುತ್ತಾರೆ. ಸಿಂಗಾಪುರದ ಡಕೋಟ ಮೆಟ್ರೊ ಸ್ಟೇಷನ್ನಿನಲ್ಲಿ ಇಳಿದು ಸ್ವಲ್ಪ ನಡೆದರೆ ಓಲ್ಡ್ ಏರ್‌ಪೋರ್ಟ್ ರೋಡ್ ಫುಡ್ ಸೆಂಟರ್. ಏರ್‌ಪೋರ್ಟ್ ಎಲ್ಲಿ ಅಂತ ಹುಡುಕಬೇಡಿ, ಕಲ್ಲಾಂಗ್ ವಿಮಾನ ನಿಲ್ದಾಣ 1955ರಲ್ಲೇ ಮುಚ್ಚಿತು. ನನಗೆ ಬೇಕಾದದ್ದು ಒಳಗಿನ ಸಾಲಿನಲ್ಲಿರುವ, ಮೀನುಂಡೆ ನೂಡಲ್ಸಿನ ಒಂದು ಪುಟ್ಟ ಅಂಗಡಿ. ಇಬ್ಬರೇ ಕೆಲಸಕ್ಕೆ: ಅಂಕಲ್ ಮತ್ತು ಆಂಟಿ. ಎಂಟು ವರ್ಷದಿಂದ ಹೋಗುತ್ತಿದ್ದೇನೆ, ಅವರ ಹೆಸರು ನಾನು ಕೇಳಿಲ್ಲ, ನನ್ನ ಹೆಸರು ಅವರೂ ಕೇಳಿಲ್ಲ. ಅವರಿಗೆ ನಾನು 'ಮೀ ಪೊಕ್ ತಾ, ಮೋರ್ ಚಿಲ್ಲಿ'.

ಮೀ ಪೊಕ್ ಅಂದರೆ ರಿಬ್ಬನ್ನಿನಂಥ ಚಪ್ಪಟೆ ನೂಡಲ್ಸ್. 'ತಾ' ಅಂದರೆ ಸಾರಿಲ್ಲದ್ದು, ಒಣದ್ದು. ಸಾರು ಬೇರೆ ಬಟ್ಟಲಲ್ಲಿ ಬರುತ್ತದೆ, ಮೀನುಂಡೆಗಳು ಅದರಲ್ಲಿ ತೇಲುತ್ತಿರುತ್ತವೆ. ಸಿಂಗಾಪುರದ ತಿಯೋಚ್ಯೂ ಚೀನೀಯರ ಊಟ ಇದು.

ಇಂಥ ಫುಡ್ ಸೆಂಟರಿಗೆ ಇಲ್ಲಿ ಹಾಕರ್ ಸೆಂಟರ್ ಅನ್ನುತ್ತಾರೆ. ನೋಡದವರಿಗೆ ಎರಡು ಮಾತು. ಬೀದಿಯಲ್ಲಿ ಮಾರುತ್ತಿದ್ದವರನ್ನು ಸರ್ಕಾರ 1971ರಿಂದ 1986ರವರೆಗೆ ಹಂತಹಂತವಾಗಿ ಸೂರಿನಡಿಗೆ ತಂದು, ನಲ್ಲಿ, ಚರಂಡಿ ಮಾಡಿಕೊಟ್ಟು ಕೂರಿಸಿತು. 2020ರಲ್ಲಿ ಯುನೆಸ್ಕೊ ಕೂಡ ಇದನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ನಮ್ಮ ಅಂಕಲ್ ಅದಕ್ಕೇನೂ ಬೆಲೆ ಏರಿಸಲಿಲ್ಲ. ಮೀನಿನ ರೇಟಿಗೆ ಏರಿಸಿದರು. ಈಗ ಬಟ್ಟಲಿಗೆ ಐದು ಡಾಲರ್.

ಬೇಗ ಹೋದರೆ ಉಂಡೆ ಕಟ್ಟುವುದನ್ನು ನೋಡಬಹುದು. ನಾನು ಹೋಗುವುದೇ ಅದಕ್ಕೆ. ಯೆಲ್ಲೋಟೇಲ್ ಮೀನಿನ ಜೊತೆ ಒಂದಿಷ್ಟು ಇಕಾನ್ ಪರಾಂಗ್. ಪರಾಂಗ್ ಅಂದರೆ ಮಲಯ್ ಭಾಷೆಯಲ್ಲಿ ಕತ್ತಿ. ಮೀನೂ ಹಾಗೇ ಉದ್ದಕ್ಕೆ, ಬೆಳ್ಳಗೆ ಹೊಳೆಯುತ್ತದೆ. ಮೈತುಂಬ ಸಣ್ಣ ಮುಳ್ಳು. ಹಾಗಾಗಿ ಅಂಕಲ್ ಕುಯ್ಯುವುದಿಲ್ಲ, ಚಮಚದಲ್ಲಿ ಬಾಲದ ಕಡೆಯಿಂದ ಕೆರೆದು ಮಾಂಸ ತೆಗೆಯುತ್ತಾರೆ. ಮುಳ್ಳು ಅಲ್ಲೇ ಉಳಿಯುತ್ತದೆ. ಆಮೇಲೆ ಉಪ್ಪುನೀರು ಸೇರಿಸಿ ನಾದಿ, ಮುದ್ದೆಯನ್ನು ಎತ್ತಿ ಪಾತ್ರೆಗೆ ಬಡಿಯುತ್ತಾರೆ. ಪಟ್, ಪಟ್. ನಮ್ಮೂರ ಹೊಳೆ ಕಲ್ಲಿನ ಮೇಲೆ ಬಟ್ಟೆ ಒಗೆದ ಹಾಗೆ. ಉಪ್ಪಿಗೆ ಮೀನಿನ ಪ್ರೋಟೀನ್ ಬಿಟ್ಟುಕೊಂಡು ಅಂಟಾಗುತ್ತದೆ, ಬೆಂದಾಗ ಬಲೆಯ ಹಾಗೆ ಹೆಣೆದುಕೊಳ್ಳುತ್ತದೆ. ಹಿಟ್ಟು ಹಾಕುವುದೇ ಬೇಡ.

ಕೊನೆಗೆ ಎಡಗೈಯಲ್ಲಿ ಮುದ್ದೆ ಹಿಡಿದು ಹಿಂಡಿದರೆ ಹೆಬ್ಬೆರಳು, ತೋರುಬೆರಳಿನ ನಡುವೆ ಒಂದು ಬಿಳಿ ಗುಳ್ಳೆ ಏಳುತ್ತದೆ. ಬಲಗೈ ಚಮಚ ಅದನ್ನು ಎತ್ತಿ ನೀರಿಗೆ ಬಿಡುತ್ತದೆ. ಅಷ್ಟೇ. ಒಂದೂ ಪೂರ್ತಿ ಗುಂಡಗಿರುವುದಿಲ್ಲ. ಎಲ್ಲದಕ್ಕೂ ಒಂದು ಕಡೆ ಸಣ್ಣ ಬಾಲ. ಕೈಯಲ್ಲಿ ಮಾಡಿದ್ದಕ್ಕೆ ನಾನು ಹುಡುಕುವ ಗುರುತು ಅದು. ಒಮ್ಮೆ ಬೇರೆ ಕಡೆ 'ಹ್ಯಾಂಡ್‌ಮೇಡ್' ಬೋರ್ಡ್ ನಂಬಿ ಕೂತೆ. ಬಟ್ಟಲಲ್ಲಿ ಆರು ಪಿಂಗ್‌ಪಾಂಗ್ ಚೆಂಡು, ಅಳತೆ ತೆಗೆದ ಹಾಗೆ. ಜಗಿದರೆ ಹಿಟ್ಟು ಹಿಟ್ಟು.

ಪುಟಿಯುವ ಗುಣಕ್ಕೆ ಚೀನೀಯರು 'ಕ್ಯೂ' ಅನ್ನುತ್ತಾರೆ. ಆಂಟಿ ಮೊದಲ ಸಲ “ವೆರಿ ಕ್ಯೂ” ಅಂದಾಗ ನಾನು ಹಿಂದೆ ತಿರುಗಿ ಸಾಲು ನೋಡಿದ್ದೆ.

ಆಗೆಲ್ಲ ನನಗೆ ಇದು ಅಷ್ಟಾಗಿ ಹಿಡಿಸಿರಲಿಲ್ಲ. ನಾನು ಕುಂದಾಪುರದವನು. ಬಂಗಡೆ ಸಾರಿನ ವಾಸನೆ ಮೂರು ದಿನ ಬಿಟ್ಟು ಹೋಗದಂಥ ಮನೆಯಲ್ಲಿ ಬೆಳೆದವನಿಗೆ ವಾಸನೆಯೇ ಇಲ್ಲದ ಮೀನು ಅಂದರೆ ಏನೋ ಮೋಸ ಅನ್ನಿಸುತ್ತದೆ. ಅಮ್ಮ ಇಲ್ಲಿಗೆ ಬಂದಾಗ ಕರೆದುಕೊಂಡು ಹೋಗಿದ್ದೆ. ಹಂದಿ ಕೊಬ್ಬು ಬೇಡ ಅಂತ ಅಂಕಲ್‌ಗೆ ಎರಡು ಸಲ ಹೇಳಿದೆ. ಅವರ ಸಾರು ಮೀನಿನ ಮೂಳೆಯದ್ದೇ, ಹಾಗಾಗಿ ಬಚಾವ್. ಅಮ್ಮ ಒಂದು ಉಂಡೆಯನ್ನು ಚಮಚದಲ್ಲಿ ಒತ್ತಿ ನೋಡಿದರು. ಅದು ಜಾರಿ ಟೇಬಲ್ ಮೇಲೆ ಒಂದು ಸಲ ಪುಟಿದು ನಿಂತಿತು.

“ಮೀನ್ ಅಂಬ್ರು, ಮುಳ್ಳೇ ಇಲ್ಯಲ್ಲ ಮಾರಾಯಾ!”

ಆದರೂ ಎರಡನೇ ಬಟ್ಟಲು ಕೇಳಿದ್ದು ಅವರೇ.

ನಾನು ತಿನ್ನುವ ಕ್ರಮ ಹೀಗೆ. ನೂಡಲ್ಸ್ ಬಂದ ತಕ್ಷಣ ಅಡಿಯಿಂದ ಕಲಸಬೇಕು. ಮೆಣಸಿನ ಗೊಜ್ಜು, ಕಪ್ಪು ವಿನೆಗರ್, ಕೊಬ್ಬಿನೆಣ್ಣೆ ಎಲ್ಲ ತಳದಲ್ಲಿರುತ್ತದೆ. ಫೋಟೋ ತೆಗೆಯುತ್ತ ಕೂತರೆ ಮೀ ಪೊಕ್ ಅಂಟಿಕೊಂಡು ಒಂದೇ ಗಡ್ಡೆ ಆಗುತ್ತದೆ. ಅಂಕಲ್ ನೂಡಲ್ಸನ್ನು ಕುದಿನೀರಿಗೆ ಹಾಕಿ, ತಣ್ಣೀರಲ್ಲಿ ಅದ್ದಿ, ಮತ್ತೆ ಕುದಿನೀರಿಗೆ ಇಳಿಸಿ ತೆಗೆದಿರುತ್ತಾರೆ, ಆ ಕಷ್ಟವೆಲ್ಲ ದಂಡ. ಎರಡು ತುತ್ತು ಖಾರ ನೂಡಲ್ಸ್, ಒಂದು ಗುಟುಕು ಸಾರು, ಅರ್ಧ ಉಂಡೆ. ಹಲ್ಲಿಗೆ ಮೊದಲು ತಡೆಯುತ್ತದೆ, ಆಮೇಲೆ ಪಟಕ್ಕನೆ ಬಿಟ್ಟುಕೊಡುತ್ತದೆ. ಒಳಗೆ ಸಣ್ಣ ಸಣ್ಣ ತೂತು, ಅದರಲ್ಲಿ ಸಾರು. ಕೊನೆಯ ಉಂಡೆಯನ್ನು ತಟ್ಟೆಯಲ್ಲಿ ಉಳಿದ ಗೊಜ್ಜಿಗೆ ಒರೆಸಿ ತಿನ್ನುತ್ತೇನೆ. ಪಕ್ಕದವರು ನೋಡಿದರೆ ನೋಡಲಿ.

ಹೋದ ತಿಂಗಳು ಮನೆಯಲ್ಲೇ ಮಾಡಲು ಹೋದೆ. ಚಮಚದಲ್ಲಿ ಕೆರೆಯುವಷ್ಟು ತಾಳ್ಮೆ ಎಲ್ಲಿ? ಮಿಕ್ಸಿಗೆ ಹಾಕಿದೆ, ಚೆನ್ನಾಗಿ ತಿರುಗಿಸಿದೆ. ಮುದ್ದೆ ಬೆಚ್ಚಗಾಗಿತ್ತು, ಅದನ್ನು ಗಮನಿಸಲಿಲ್ಲ. ನೀರಿಗೆ ಬಿಟ್ಟ ಉಂಡೆಗಳು ಬೆಂದದ್ದೇನೋ ಹೌದು, ಮುಟ್ಟಿದರೆ ರವೆ ಉಪ್ಪಿಟ್ಟಿನಂತೆ ಉದುರಿದವು. ಮಗಳು “ಅಪ್ಪಾ, ಇದು ಫಿಶ್ ಉಪ್ಪಿಟ್ಟಾ?” ಅಂದಳು.

ಮುಂದಿನ ಶನಿವಾರ ಅಂಕಲ್‌ಗೆ ಹೇಳಿದೆ. ಅವರು ಕೈ ನಿಲ್ಲಿಸದೆ ಕೇಳಿದರು, “ಐಸ್ ಪುಟ್ ಆರ್ ನಾಟ್?”

ಹಾಕಿರಲಿಲ್ಲ. ತಲೆ ಅಲ್ಲಾಡಿಸಿದೆ. ಅವರು ಆಂಟಿ ಕಡೆ ತಿರುಗಿ ತಿಯೋಚ್ಯೂದಲ್ಲಿ ಏನೋ ಅಂದರು, ಇಬ್ಬರೂ ನಕ್ಕರು. ಟೇಬಲ್‌ಗೆ ಬಂದು ಎಣಿಸಿದರೆ ಅವತ್ತು ಬಟ್ಟಲಲ್ಲಿ ಆರಲ್ಲ, ಎಂಟು ಉಂಡೆ ಇದ್ದವು.