ಪ್ಲೇಟೋ ಕುಳಿಯ ಚುಕ್ಕಿಗಳು: ಚಂದ್ರನ ಸ್ಟ್ಯಾಕಿಂಗ್ ಎಲ್ಲಿಗೆ ಬಂತು

ಚಂದ್ರನ ಪ್ಲೇಟೋ ಕುಳಿಯ ನೆಲದ ಮೇಲಿನ ಪುಟಾಣಿ ಕುಳಿಗಳಲ್ಲಿ ನಾಲ್ಕು ಈ ಸಲದ ಚಿತ್ರದಲ್ಲಿ ಎದ್ದು ಬಂದಿವೆ. ಸ್ಟ್ಯಾಕಿಂಗ್‌ನ, ಅಂದರೆ ವಿಡಿಯೋದ ಫ್ರೇಮುಗಳನ್ನು ಒಂದರ ಮೇಲೊಂದು ಜೋಡಿಸಿ ಒಂದೇ ಚಿತ್ರ ಮಾಡುವ ಈ ಪ್ರಾಜೆಕ್ಟ್ ಶುರು ಮಾಡಿದ್ದೇ ಅವುಗಳಿಗಾಗಿ. ತುಂಬಾ ಖುಷಿಯಾಗಿದೆ.

ಪ್ಲೇಟೋ ಸುಮಾರು 100 ಕಿ.ಮೀ. ಅಗಲ. ಒಳಗೆಲ್ಲ ಲಾವಾ ತುಂಬಿ ನೆಲ ಕಪ್ಪಗೆ, ನುಣ್ಣಗಿದೆ. ಅದರ ಮೇಲಿನ ಪುಟಾಣಿ ಕುಳಿಗಳಲ್ಲಿ ದೊಡ್ಡವೇ 2 ಕಿ.ಮೀ. ಆಸುಪಾಸಿನವು. ಇಲ್ಲಿಂದ ನೋಡುವಾಗ ಒಂದು ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗ) ಅಂದರೆ ಚಂದ್ರನ ಮೇಲೆ ಸುಮಾರು 1.8 ಕಿ.ಮೀ. ನನ್ನ 6 ಇಂಚಿನ ನ್ಯೂಟೋನಿಯನ್ (ಕನ್ನಡಿ ಬಳಸುವ) ಟೆಲಿಸ್ಕೋಪ್ ಬಿಡಿಸಿ ತೋರಿಸಬಲ್ಲ ಮಿತಿ 0.8 ಆರ್ಕ್‌ಸೆಕೆಂಡ್ ಹತ್ತಿರ. ಲೆಕ್ಕದ ಪ್ರಕಾರ ಸಿಗಬೇಕು. ಆದರೆ ಗಾಳಿ ಬಿಡಬೇಕಲ್ವಾ?

ಗಾಳಿಯ ಕಾಟ ಎಂಥದ್ದೆಂದರೆ, ಇಡೀ ಚಂದ್ರ ಒಟ್ಟಿಗೆ ಅಲುಗುವುದಿಲ್ಲ. ಕುಳಿಯ ಒಂದು ಅಂಚು ಎಡಕ್ಕೆ ಜರುಗುವ ಹೊತ್ತಿಗೆ ಇನ್ನೊಂದು ಅಂಚು ಮೇಲಕ್ಕೆ ಹೋಗಿರುತ್ತದೆ, ಹರಿಯುವ ನೀರಿನ ತಳದ ಕಲ್ಲುಗಳನ್ನು ನೋಡಿದ ಹಾಗೆ. ಅದಕ್ಕೇ ಫೋಟೋ ಬದಲು ವಿಡಿಯೋ. ಒಂದೊಂದು ಫ್ರೇಮಿಗೆ 5 ಮಿಲಿಸೆಕೆಂಡ್ ಎಕ್ಸ್‌ಪೋಶರ್. ಅಷ್ಟು ಕಡಿಮೆ ಹೊತ್ತಿನಲ್ಲಿ ಗಾಳಿ ಅಲ್ಲಲ್ಲಿ ನಿಂತ ಹಾಗೆ ಸಿಗುತ್ತದೆ. ಹಾಗೆ ಸಿಕ್ಕ ಚೆನ್ನಾದ ಫ್ರೇಮುಗಳನ್ನು ಮಾತ್ರ ಇಟ್ಟುಕೊಳ್ಳುವ ಈ ದಾರಿಗೆ ‘ಲಕ್ಕಿ ಇಮೇಜಿಂಗ್’ ಎನ್ನುತ್ತಾರೆ. ಅಂಥ ಫ್ರೇಮು ಸಿಗುವ ಸಾಧ್ಯತೆ ಎಷ್ಟು ಅಂತ ವಿಜ್ಞಾನಿ ಡೇವಿಡ್ ಫ್ರೀಡ್ 1978ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು.

ಈ ಸಲ ಹೆಚ್ಚು ಸಮಯ ಹಿಡಿದದ್ದು ಜೋಡಣೆ. ಸ್ಟ್ಯಾಕಿಂಗ್ ಸಾಫ್ಟ್‌ವೇರ್ ಆಟೋಸ್ಟ್ಯಾಕರ್ಟ್‌ನಲ್ಲಿ ‘ಸರ್ಫೇಸ್’ ಆಯ್ಕೆ ಇಟ್ಟು ಅಲೈನ್‌ಮೆಂಟ್ ಪಾಯಿಂಟ್ (ಫ್ರೇಮುಗಳನ್ನು ಹೊಂದಿಸಲು ಹಿಡಿದುಕೊಳ್ಳುವ ಚೌಕ) ಹಾಕಬೇಕು. ಪ್ರತಿ ಪಾಯಿಂಟಿನ ಸುತ್ತಲಿನ ತುಂಡನ್ನು ಅದು ಬೇರೆಬೇರೆಯಾಗಿಯೇ ಹೊಂದಿಸುತ್ತದೆ. ಪಾಯಿಂಟ್ ಚಿಕ್ಕದಾದಷ್ಟೂ ಒಳ್ಳೆಯದು ಅನ್ನಿಸುತ್ತದೆ. ಗುಡ್ಡಗಳಿರುವ ಕಡೆ ಅದು ನಿಜವೂ ಹೌದು. ಪ್ಲೇಟೋ ನೆಲದ ಮೇಲೆ ಹಾಗಲ್ಲ. ಅಲ್ಲಿ ಹಿಡಿದುಕೊಳ್ಳಲು ಗುರುತೇ ಇಲ್ಲ. ಚಿಕ್ಕ ಪಾಯಿಂಟ್ ಹಾಕಿದರೆ ಅದು ನಾಯ್ಸನ್ನೇ (ಚಿತ್ರದಲ್ಲಿ ಮೂಡುವ ಕಾಳುಕಾಳು ಕಲೆಗಳನ್ನೇ) ಗುರುತು ಅಂದುಕೊಂಡು ಅದರ ಹಿಂದೆ ಹೋಗುತ್ತದೆ. ಹಾಗಾಗಿ ನೆಲಕ್ಕೆ ದೊಡ್ಡ ಪಾಯಿಂಟುಗಳು, ಆದಷ್ಟೂ ಕುಳಿಯ ಗೋಡೆ ಒಳಗೆ ಬರುವ ಹಾಗೆ. ಗೋಡೆಯ ನೆರಳು ಚೂಪಾಗಿರುವುದರಿಂದ ಹಿಡಿತ ಸಿಗುತ್ತದೆ. ಇಷ್ಟು ಬದಲಾಯಿಸಿದ್ದಕ್ಕೇ ಮಸುಕು ಮಚ್ಚೆಗಳಂತಿದ್ದವು ಚುಕ್ಕಿಗಳಾದವು.

ಎಷ್ಟು ಫ್ರೇಮು ಇಟ್ಟುಕೊಳ್ಳಬೇಕು? ನನ್ನ ಮಟ್ಟಿಗೆ ನೂರಕ್ಕೆ ಹತ್ತು ಸಾಕು. 3000 ಫ್ರೇಮಿನಲ್ಲಿ 300 ಉಳಿದರೂ ನಾಯ್ಸ್ ಸುಮಾರು 17 ಪಟ್ಟು ಇಳಿಯುತ್ತದೆ, ಅದು 300ರ ವರ್ಗಮೂಲ. ಅದಕ್ಕಿಂತ ಜಾಸ್ತಿ ಸೇರಿಸಿದರೆ ಚಿತ್ರ ನುಣುಪಾಗುತ್ತದೆ, ಆದರೆ ಚುಕ್ಕಿಗಳು ಕರಗುತ್ತವೆ. ಆಮೇಲೆ ರೆಜಿಸ್ಟ್ಯಾಕ್ಸ್ ಸಾಫ್ಟ್‌ವೇರಿನ ವೇವ್‌ಲೆಟ್, ಸಣ್ಣ ವಿವರಗಳನ್ನು ಶಾರ್ಪ್ ಮಾಡಲು. ಕುಳಿಯ ಅಂಚಿಗೆ ಬಿಳಿ ಗೆರೆ ಕಾಣಲು ಶುರುವಾದ ತಕ್ಷಣ ಸ್ಲೈಡರ್ ಹಿಂದಕ್ಕೆ.

ಇಷ್ಟು ಶಾರ್ಪ್ ಮಾಡಿದ ಮೇಲೆ ಕಾಣುವ ಚುಕ್ಕಿಯನ್ನು ಸುಮ್ನೆ ನಂಬಬಾರದು. ಅದಕ್ಕೆ ಎರಡು ವಿಡಿಯೋಗಳನ್ನು ಬೇರೆಬೇರೆಯಾಗಿ ಸ್ಟ್ಯಾಕ್ ಮಾಡಿದೆ. ಎರಡರಲ್ಲೂ ಅದೇ ಜಾಗದಲ್ಲಿ ಬಂದದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡೆ. ಕೊನೆಗೆ ನಾಸಾದ ಲೂನಾರ್ ರೆಕನಸನ್ಸ್ ಆರ್ಬಿಟರ್‌ನ ನಕ್ಷೆ ಜೊತೆ ಇಟ್ಟು ನೋಡಿದೆ. ನಾಲ್ಕೂ ಇದ್ದವು. ಐದನೆಯದು ಒಂದರಲ್ಲಷ್ಟೇ ಬಂದಿತ್ತು, ಬಿಟ್ಟೆ.

ಜಾಗವನ್ನೂ ಬದಲಾಯಿಸಿದ್ದೇನೆ. ಮೈಸೂರಿನ ಬಿಸಿಲಿಗೆ ಕಾದ ತಾರಸಿ ರಾತ್ರಿಯಾದರೂ ಶಾಖ ಬಿಡುತ್ತಲೇ ಇರುತ್ತದೆ, ಅದರಿಂದ ಮೇಲಿನ ಗಾಳಿ ಅಲುಗುತ್ತದೆ. ಈಗ ಟೆಲಿಸ್ಕೋಪ್ ಹಿತ್ತಲ ಹುಲ್ಲಿನ ಮೇಲೆ. ಕನ್ನಡಿ ತಣ್ಣಗಾಗಲಿ ಅಂತ ಮುಕ್ಕಾಲು ಗಂಟೆ ಮೊದಲೇ ಹೊರಗಿಡುತ್ತೇನೆ.

ಮುಂದಿನದು ಪ್ಲೇಟೋದ ಪೂರ್ವಕ್ಕಿರುವ ಆಲ್ಪ್ಸ್ ಕಣಿವೆ. ಅದರ ನಡುವೆ ಒಂದು ಸಣ್ಣ ಕಾಲುವೆಯಿದೆ, ಅಗಲ 1 ಕಿ.ಮೀ.ಗಿಂತ ಕಡಿಮೆ. ಉದ್ದ ಗೆರೆಯಾದ್ದರಿಂದ ಟೆಲಿಸ್ಕೋಪಿನ ಮಿತಿಗಿಂತ ಸಣ್ಣದಾದರೂ ಕಾಣುವ ಅವಕಾಶವಿದೆ. ಅದಕ್ಕೆ ಕೆಂಪು ಫಿಲ್ಟರ್ ಹಾಕಿ ನೋಡುತ್ತೇನೆ. ಕೆಂಪು ಬೆಳಕು ಗಾಳಿಗೆ ಕಡಿಮೆ ಅಲುಗುತ್ತದೆ, ಆದರೆ ವಿವರ ಸ್ವಲ್ಪ ಕಮ್ಮಿ. ಅದಕ್ಕೇ ಅದೇ ರಾತ್ರಿ ಹಸಿರು ಫಿಲ್ಟರಿನಲ್ಲೂ ವಿಡಿಯೋ ತೆಗೆದು ಎರಡನ್ನೂ ಪಕ್ಕಪಕ್ಕ ಇಡುತ್ತೇನೆ.