ಪ್ರಾಜೆಕ್ಟ್ ಫೈಲುಗಳ ರಾಶಿ ಮುಂದೆ ಕೂತು

ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಬಿಟ್ಟರೆ ಉಳಿದ ವಿಷಯಗಳಲ್ಲಿ ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20. ಪ್ರಾಜೆಕ್ಟು ಬರೋದು ಆ 20ರಲ್ಲೇ. ಈ ಸಲ ‘ನಮ್ಮೂರಿನ ನೀರು’ ಅಂತ ವಿಷಯ ಕೊಟ್ಟಿದ್ದೆ. ಜಾಸ್ತಿ ಫೈಲುಗಳು ಸೈಬರ್ ಸೆಂಟರಿನ ಕಲರ್ ಪ್ರಿಂಟು, ಒಳಗೆ ನಮ್ಮೂರೇ ಇಲ್ಲ! ಒಬ್ಬಳು ಮಾತ್ರ ತನ್ನ ಬೀದಿಯ ಬೋರ್‌ವೆಲ್‌ಗಳು ಎಷ್ಟು ಅಡಿ, ಯಾವ ವರ್ಷ ಕೊರೆಸಿದ್ದು ಅಂತ ಮನೆಮನೆಗೆ ಹೋಗಿ ಕೇಳಿ ಬರೆದಿದ್ದಾಳೆ, ಒಂದು ಕಡೆ ‘ಅಜ್ಜ 400 ಅಂದ್ರು, ಮಗ 600 ಅಂದ್ರು, ಬಿಲ್ಲು ಸಿಗಲಿಲ್ಲ’ ಅಂತಲೂ ಇದೆ. ಸಂಶೋಧನೆ ಅಂದರೆ ಇದೇ ಅಲ್ವಾ? ನಮ್ಮ ಅಂಕದ ಪಟ್ಟಿಯಲ್ಲಿ ಅಂದಕ್ಕೆ, ಅಕ್ಷರಕ್ಕೆ, ಟೈಮಿಗೆ ಕೊಟ್ಟಿದ್ದಕ್ಕೆ ಕಾಲಂ ಇದೆ, ವಿಚಾರಿಸಿ ನೋಡಿದ್ದಕ್ಕೆ ಇಲ್ಲ. ಮುಂದಿನ ಸಲ ಪ್ರತಿಯೊಬ್ಬರನ್ನೂ ‘ಇದು ನಿನಗೆ ಹೇಗೆ ಗೊತ್ತಾಯ್ತು?’ ಅಂತ ಕೇಳಿಯೇ ಅಂಕ ಹಾಕುತ್ತೇನೆ. ಅಷ್ಟು ಮಕ್ಕಳಿಗೆ ಪಿರಿಯಡ್ ಎಲ್ಲಿಂದ ತರೋದು ಅಂತ ಗೊತ್ತಿದ್ದವರು ಹೇಳಿ.